ಟಗರು ಮಾರಿ ತಂದ ಕಂಪ್ಯೂಟರ್

ಬೀರಲಿಂಗನನ್ನು ನಾನು ಮೊದಲು ಕಂಡದ್ದು ನನ್ನ ಹೊಲದಲ್ಲಿ. ಬಾದಾಮಿಯಿಂದ ಮಹಾಕೂಟಕ್ಕೆ ಹೋಗುವ ದಾರಿಯಲ್ಲಿ ನಮಗೆ ಮೂರೆಕರೆ ಭೂಮಿಯಿದೆ. ಎರಡು ವರ್ಷದ ಹಿಂದೆ ಜೋಳದ ರಾಶಿ ಮುಗಿದ ಮೇಲೆ, ಹಿಕ್ಕೆಯ ಗೊಬ್ಬರವಾಗಲಿ ಎಂದು ಕುರಿಹಿಂಡು ನಿಲ್ಲಿಸಲು ಹೇಳಿಕಳಿಸಿದ್ದೆ. ಹಿಂಡು ಸಂಜೆಯೇ ಬಂದಿತ್ತು. ಮರುದಿನ ಬೆಳಿಗ್ಗೆ ಚಹಾ ತೆಗೆದುಕೊಂಡು ಹೋದೆ. ಕುರಿಗಳೆಲ್ಲ ಬದುವಿನಾಚೆ ಮೇಯುತ್ತಿದ್ದವು. ಮರಿಗಳ ಗೂಡಿನ ಪಕ್ಕದಲ್ಲಿ ನಲವತ್ತು ದಾಟಿದ, ಗಟ್ಟಿಮುಟ್ಟಾದ ಮನುಷ್ಯನೊಬ್ಬ ಕಲ್ಲಿಗೆ ಮೊಬೈಲನ್ನು ಆನಿಸಿಟ್ಟುಕೊಂಡು ಕುಳಿತಿದ್ದ. ಅವನ ತೊಡೆಯ ಮೇಲೊಂದು ಎಳೆಯ ಮರಿ ಅವನ ಕಂಬಳಿಯ ಅಂಚನ್ನು ಚೀಪುತ್ತಿತ್ತು. ಮೊಬೈಲಿನಲ್ಲಿ ಒಬ್ಬ ಹುಡುಗ ರಟ್ಟಿನ ಡಬ್ಬಿಗಳನ್ನು ಒಂದೊಂದಾಗಿ ಬಿಚ್ಚುತ್ತ ಇಂಗ್ಲಿಷಿನಲ್ಲಿ ಬಡಬಡನೆ ಮಾತನಾಡುತ್ತಿದ್ದ.

"ಬರ್ರಿ ಗುರುಗಳ, ಕುಂದರ್ರಿ. ಒಂದ ಮಾತ ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಈ ಹುಡುಗ ಏನ ಹೇಳಾಕತ್ತಾನ್ರಿ?"

ಕನ್ನಡಕ ಹಾಕಿಕೊಂಡು ಕೇಳಿದೆ. "ನಾ ಕನ್ನಡ ಕಲಿಸಿದಾಂವಪಾ. ಇವನ ಮಾತ ಅಷ್ಟಿಷ್ಟ ತಿಳೀತೈತಿ, ಇವ ಏನ ಮಾರಾಕತ್ತಾನ ಅನ್ನೂದ ತಿಳೀವಲ್ದು."

"ಮಾರಾಕತ್ತಿಲ್ರಿ, ಜೋಡಸಾಕತ್ತಾನ. ಆಟ ಆಡೂ ಕಂಪ್ಯೂಟರ. ನಮ್ಮ ಹುಡುಗಿಗೆ ಬೇಕಾಗೇತಿ."

ಹಿಂಡು ನಮ್ಮ ಹೊಲದಲ್ಲಿ ಇದ್ದಷ್ಟು ದಿನವೂ ನಾನು ಚಹಾದ ನೆಪದಲ್ಲಿ ಹೋಗುತ್ತಿದ್ದೆ. ಮಾತಿನಿಂದ ಮಾತು ಬೆಳೆದು ಅವನ ಬದುಕು ತಿಳಿಯಿತು. ಕುರುಬರ ದೇವರು ಬೀರಪ್ಪನ ಒಕ್ಕಲು. ಮನೆ ಇಳಕಲ್ಲಿನಲ್ಲಿ. ಹೆಂಡತಿ ದಾನಮ್ಮ ಮನೆಯಲ್ಲೇ ಮಗ್ಗದಲ್ಲಿ ಸೀರೆ ನೇಯುತ್ತಾಳೆ. ಒಬ್ಬಳೇ ಮಗಳು ಸುಧಾರಾಣಿ, ಏಳನೆಯ ತರಗತಿ. ಬೀರಲಿಂಗ ಮಾತ್ರ ಸುಗ್ಗಿಗೆ ಮುಂಚೆ ಹಿಂಡಿನೊಡನೆ ಹೊರಟರೆ ಹೊಲದಿಂದ ಹೊಲಕ್ಕೆ, ಊರಿಂದ ಊರಿಗೆ ನಡೆದು, ಮಳೆಗಾಲಕ್ಕೆ ಮನೆ ಸೇರುವವನು.

"ಮನಿಗೆ ಹೋದ್ರ ಹುಡುಗಿ ಬೀಗರಿಗೆ ಕೊಟ್ಟಂಗ ತಂಬಿಗಿ ತುಂಬ ನೀರ ಕೊಡ್ತಾಳ್ರಿ" ಎಂದು ಒಂದು ದಿನ ಹೇಳಿದ. "ಆರಾಮ ಅದೀಯೇನಪಾ ಅಂತಾಳ. ಆರಾಮವಾ ಅಂತೇನಿ. ಒಳಗ ಹೋಗಿಬಿಡ್ತಾಳ. ಮುಂದ ಮಾತ ಇಲ್ಲ. ಮುನಿಸಿಲ್ರಿ, ಜಗಳಿಲ್ಲ. ಮಾತನ ಇಲ್ಲ."

ಒಂದೇ ಒಂದು ಸಲ ಆಕೆ ಫೋನಿನಲ್ಲಿ ಅವನೊಡನೆ ಬಹಳ ಹೊತ್ತು ಮಾತನಾಡಿದ್ದಳಂತೆ. ಅವನು ಕೆರೆಯಲ್ಲಿ ನೀರು ಕುಡಿಸಿ ಹಿಂಡನ್ನು ಹಟ್ಟಿಗೆ ಹೊಡೆದು ತರುವವರೆಗೂ ಆಕೆಯ ಮಾತು ಮುಗಿದಿರಲಿಲ್ಲ. ಅದೊಂದು ಆಟದ ಮಾತು. ಇಟ್ಟಿಗೆಯಂಥ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ಮನೆ, ಬಾವಿ, ಊರು ಕಟ್ಟುವ ಆಟ. ಅವಳು ಕಟ್ಟಿದ ಊರು ದೊಡ್ಡದಾಗಿ, ತಾಯಿಯ ಮೊಬೈಲು ಅದನ್ನು ಹೊರಲಾರದೆ ನಡುನಡುವೆ ನಿಂತುಬಿಡುತ್ತಿತ್ತು. ಕಂಪ್ಯೂಟರ್ ಇದ್ದರೆ ಹೀಗಾಗುವುದಿಲ್ಲ ಎಂದಿದ್ದಳು.

"ಅಷ್ಟ ಮಾತ ಆಕಿ ನನ್ನ ಜೋಡಿ ಎಂದೂ ಆಡಿದ್ದಿಲ್ರಿ. ಹಂಗಾಗಿ ಆ ಕಂಪ್ಯೂಟರ ಆಕಿಗಲ್ಲ ಗುರುಗಳ. ಖರೇ ಹೇಳಬೇಕಂದ್ರ ನನಗ ಬೇಕಾಗೇತಿ."

ಮಳೆ ಹಿಡಿದಾಗ ಫೋನು ಮಾಡಿದ. ಅಮೀನಗಡದ ಸಂತೆಯಲ್ಲಿ ತನ್ನ ಎರಡು ಒಳ್ಳೆಯ ಟಗರುಗಳನ್ನು ಮಾರಿದ್ದ. "ನಲವತ್ತ ಸಾವಿರದ ಮ್ಯಾಲ ಹೋದ್ರ ದಾನಮ್ಮ ಮನಿ ಒಳಗ ಬಿಡಂಗಿಲ್ರಿ. ನೀವೂ ಬಾಗಲಕೋಟಿಗೆ ಬರ್ರಿ. ಓದಿದವರು ಒಬ್ರ ಜೋಡಿ ಇರ್ಲಿ" ಎಂದ. ನಾನು ಓದಿದ್ದಕ್ಕೂ ಈ ವ್ಯಾಪಾರಕ್ಕೂ ಸಂಬಂಧವಿಲ್ಲವೆಂದು ಹೇಳಿದರೂ ಬಿಡಲಿಲ್ಲ.

ಬಾಗಲಕೋಟೆಯ ಬಸ್ ನಿಲ್ದಾಣದಲ್ಲಿ ಸುಧಾರಾಣಿಯನ್ನು ಮೊದಲ ಸಲ ನೋಡಿದೆ. ಎಂಟನೆಯ ತರಗತಿಗೆ ಕಾಲಿಟ್ಟಿದ್ದ ತೆಳ್ಳನೆಯ ಹುಡುಗಿ. ಎರಡು ಜಡೆ, ತಂದೆಯದೇ ಅಗಲವಾದ ಹಣೆ. ನನಗೆ ಕೈಮುಗಿದಳು. ತಂದೆಯಿಂದ ಒಂದು ಮಾರು ದೂರ ನಿಂತಿದ್ದಳು. ನಡೆಯುವಾಗಲೂ ಅಷ್ಟೇ ದೂರ.

ನವನಗರದ ಆ ಅಂಗಡಿ ಮುನಾಫ ಎಂಬ ಮೂವತ್ತರ ತರುಣನದು. "ಏನ ಆಡ್ತೀ ತಂಗಿ?" ಎಂದು ಅವನು ಕೇಳಿದ್ದೇ ತಡ, ಹುಡುಗಿಯ ಬಾಯಿ ಬಿಚ್ಚಿತು. ಇಬ್ಬರೂ ಗಾಜಿನ ಕಪಾಟಿನ ಮುಂದೆ ನಿಂತು ಪ್ರೊಸೆಸರು, ಬೋರ್ಡು, ರ‍್ಯಾಮು ಎಂದು ಮಾತಿಗಿಳಿದರು. ಬೀರಲಿಂಗ ಮತ್ತು ನಾನು ಪ್ಲಾಸ್ಟಿಕ್ ಕುರ್ಚಿಗಳ ಮೇಲೆ, ಹೆಣ್ಣು ನೋಡಲು ಬಂದ ಬಂಧುಗಳಂತೆ ಕುಳಿತೆವು.

ಮುನಾಫ ನಮ್ಮಿಬ್ಬರಿಗೂ ತಿಳಿಯುವಂತೆ ವಿವರಿಸಿದ. ಆಟದ ಚಿತ್ರಗಳನ್ನು ಮೂಡಿಸಲು ಗ್ರಾಫಿಕ್ಸ್ ಕಾರ್ಡ್ ಎಂಬುದೊಂದಿದೆ; ಅದನ್ನು ಬೇರೆಯಾಗಿ ಕೊಂಡರೆ ಈ ದುಡ್ಡಿನಲ್ಲಿ ಮಾನಿಟರು ಬರುವುದಿಲ್ಲ. ಆದುದರಿಂದ ಆ ಕೆಲಸವನ್ನೂ ತಾನೇ ಮಾಡುವ ಪ್ರೊಸೆಸರೊಂದನ್ನು ಹಾಕೋಣ, ಮುಂದೆ ಅನುಕೂಲವಾದಾಗ ಕಾರ್ಡ್ ಕೂಡಿಸಲು ಬೋರ್ಡಿನಲ್ಲಿ ಜಾಗವಿರುತ್ತದೆ. ಒಳಗಿನದಕ್ಕೆಲ್ಲ ಕರೆಂಟು ಹಂಚುವ ಎಸ್‌ಎಂಪಿಎಸ್ ಮಾತ್ರ ಒಳ್ಳೆಯದೇ ಇರಲಿ.

ಇನ್ನು ಉಳಿದದ್ದು ಇವನ್ನೆಲ್ಲ ಕೂಡಿಸಿಡುವ ಪೆಟ್ಟಿಗೆ, ಅಂದರೆ ಕ್ಯಾಬಿನೆಟ್. ಬೀರಲಿಂಗ ಎದ್ದು ಹೋಗಿ ಎಲ್ಲಕ್ಕಿಂತ ದೊಡ್ಡದನ್ನು ಎತ್ತಿ ನೋಡಿದ.

"ಇದ ಇರ್ಲಿ. ಒಳಗಿನೂವು ಮುಂದ ಬೆಳದ್ರ ಜಾಗಾ ಬೇಕಲ್ಲ?"

"ಅಣ್ಣಾ, ಇವೇನ ಮರಿ ಅಲ್ರಿ, ಮೇದ ಬೆಳಿಯಾಕ!" ಎಂದ ಮುನಾಫ. ಸುಧಾರಾಣಿ ತುಟಿ ಕಚ್ಚಿಕೊಂಡು ಅತ್ತ ತಿರುಗಿದಳು.

ಆಕೆಯ ಕಣ್ಣು ಇನ್ನೊಂದು ಕ್ಯಾಬಿನೆಟ್ಟಿನ ಮೇಲಿತ್ತು. ಅದರ ಒಂದು ಮಗ್ಗುಲಿಗೆ ಗಾಜು. ಒಳಗೆ ಬಣ್ಣಬಣ್ಣದ ಬೆಳಕಿನ ಪಂಖಗಳು. ಮುನಾಫ ತಲೆ ಕೆರೆದುಕೊಂಡ. "ತಂಗಿ, ಇದನ್ನ ತಗೊಂಡ್ರ ರ‍್ಯಾಮ್ ಒಂದ ಹಾಕಬೇಕಾಗ್ತೈತಿ. ಎರಡ ಹಾಕಿದ್ರ ನಿನ್ನ ಆಟ ಸರಾಗ ಓಡ್ತೈತಿ. ಒಂದರಾಗಂದ್ರ ಎಡವತೈತಿ. ನೀನ ಹೇಳು."

ಹುಡುಗಿ ಬಹಳ ಹೊತ್ತು ನಿಂತಳು. ಆಮೇಲೆ "ರ‍್ಯಾಮ್ ಎರಡ ಇರ್ಲಿ" ಎಂದು, ನೆತ್ತಿಯ ಮೇಲೆ ಜಾಳಿಗೆಯಿದ್ದ ಕರಿಯ ಸಾದಾ ಪೆಟ್ಟಿಗೆಯನ್ನು ತೋರಿಸಿದಳು. ತೋರಿಸಿದ ಮೇಲೂ ಒಮ್ಮೆ ಆ ಬೆಳಕಿನ ಕಡೆ ಹೊರಳಿ ನೋಡಿದಳು. ಬೀರಲಿಂಗ ಅದನ್ನು ಕಂಡ.

ದರದ ಮಾತು ಬಂದಾಗ ಮುನಾಫ, "ಇಲ್ಲೆ ಚೌಕಾಶಿ ಇಲ್ಲಣ್ಣಾ, ಕಂಪನಿ ರೇಟು" ಎಂದ. ಅಷ್ಟರಲ್ಲಿ ಅಂಗಡಿಯ ಮೂಲೆಯಲ್ಲಿ ಕಣ್ಣು ಮುಚ್ಚಿ ಕುಳಿತಿದ್ದ ಅವನ ಮುದಿ ತಂದೆ ಮುರ್ತುಜಸಾಬರು ಕಣ್ಣು ತೆರೆದು ಬೀರಲಿಂಗನ ಮುಖವನ್ನೇ ನೋಡಿದರು.

"ಲೇ ತಮ್ಮಾ, ನೀ ಹನಮಂತಪ್ಪನ ಮಗಾ ಏನ? ಅಮೀನಗಡ ಸಂತಿಗೆ ಟಗರ ತರ್ತಿದ್ದನಲ್ಲ, ಉದ್ದ ಮೀಸಿಯಾಂವ?"

"ಹೌದ್ರಿ ಚಾಚಾ! ನೀವು..."

"ನಾನೂ ಅಲ್ಲೇ ಕುರಿ ದಲಾಲಿ ಮಾಡಿ ಈ ಮಗನ್ನ ಓದಿಸಿದಾಂವ. ನಿಮ್ಮಪ್ಪ ಭಾಳ ಹಟದಾಂವಪಾ. ಬೆರಳ ಹಿಡದಾ ಅಂದ್ರ ಮುಗೀತು. ಬಾ ಇಲ್ಲೆ. ಟಾವೆಲ್ ತಾ."

ನಮ್ಮ ಕಡೆಯ ದನಕುರಿ ಸಂತೆಯಲ್ಲಿ ದರವನ್ನು ಬಾಯಿಂದ ಆಡುವುದಿಲ್ಲ. ಕೊಳ್ಳುವವನೂ ಕೊಡುವವನೂ ಕೈ ಕೂಡಿಸಿ, ಮೇಲೆ ಟವೆಲ್ ಮುಚ್ಚಿ, ಒಳಗೊಳಗೇ ಬೆರಳು ಹಿಡಿದು ಬೆಲೆ ಹೇಳುತ್ತಾರೆ. ನಿಂತು ನೋಡುವವರಿಗೆ ಮುಖಗಳಷ್ಟೇ ಕಾಣುತ್ತವೆ. ಆ ದಿನ ಕಂಪ್ಯೂಟರ್ ಅಂಗಡಿಯಲ್ಲಿ, ದೀಪ ಮಿನುಗುವ ಕೀಲಿಮಣೆಗಳ ನಡುವೆ, ಬೀರಲಿಂಗನೂ ಮುರ್ತುಜಸಾಬರೂ ಒಂದು ಟವೆಲ್ಲಿನ ಕೆಳಗೆ ಬೆರಳು ಹಿಡಿದು ಕುಳಿತರು. ಮುದುಕರು ತಲೆ ಅಲ್ಲಾಡಿಸುವರು. ಇವನು ಹುಬ್ಬು ಏರಿಸುವನು. "ತೋಬಾ ತೋಬಾ, ಹನಮಂತಪ್ಪನ ಹಟ ಎಲ್ಲಾ ಇವಗ ಬಂದೈತಿ" ಎಂದು ಅವರು ಕೈ ಕೊಸರುವರು, ಇವನು ಬಿಡನು. ರಿಪೇರಿಗೆ ಬಂದ ಕಾಲೇಜು ಹುಡುಗರು ಮೊಬೈಲು ತೆಗೆದು ಫೋಟೋ ಹೊಡೆದರು.

"ಅಪ್ಪಾ, ಮಂದಿ ನೋಡಾಕತ್ತಾರ" ಎಂದಳು ಸುಧಾರಾಣಿ. ಅವಳ ಕಿವಿ ಕೆಂಪಾಗಿತ್ತು. ಬೀರಲಿಂಗ ಕೇಳಿಸಿಕೊಳ್ಳಲಿಲ್ಲ. ಅವಳು ಬೀದಿಯ ಕಡೆ ಮುಖ ಮಾಡಿ ನಿಂತಳು.

ಕೊನೆಗೆ ಮುರ್ತುಜಸಾಬರು ಟವೆಲ್ ಕೊಡವಿ, "ಮುನಾಫ, ಆ ಬಣ್ಣದ ಲೈಟಿನ ಪಂಖಾ ಒಂದ ಇವರ ಪೆಟಿಗಿ ಮ್ಯಾಲ ಹಚ್ಚಿ ಕೊಡು. ರೊಕ್ಕಾ ಕೇಳಬ್ಯಾಡ" ಎಂದರು. ಅಷ್ಟೊಂದು ಹೊತ್ತು ಬೆರಳು ಹಿಡಿದು ಬೀರಲಿಂಗ ಗೆದ್ದದ್ದು ಆ ಒಂದು ಪಂಖ. ಅವನು ಮಗಳ ಮುಖ ನೋಡಿದ. ಅವಳು ಮುನಾಫನಿಗೆ "ಥ್ಯಾಂಕ್ಸ್ ಅಣ್ಣಾ" ಎಂದಳು, ಅದೇ ದನಿಯಲ್ಲಿ ಇವನಿಗೂ "ಥ್ಯಾಂಕ್ಸ್ ಅಪ್ಪಾ" ಎಂದಳು.

ಇಳಕಲ್ಲಿನ ಬಸ್ಸು ಹತ್ತುವ ಮುನ್ನ ಅವನು ನನ್ನ ಕಿವಿಯ ಬಳಿ, "ಅಂಗಡಿಯವಗೂ ಹಂಗ ಅಂದ್ಲ್ರಿ, ನನಗೂ ಹಂಗ ಅಂದ್ಲ್ರಿ" ಎಂದ.

ಆ ರವಿವಾರ ಕಂಪ್ಯೂಟರಿನ ಪೂಜೆಗೆಂದು ನನ್ನನ್ನು ಕರೆದಿದ್ದರು. ಇಳಕಲ್ಲಿನ ಅವರ ಮನೆಯ ಪಡಸಾಲೆಯಲ್ಲಿ ಒಂದು ಕಡೆ ದಾನಮ್ಮನ ಕುಣಿಮಗ್ಗ, ಇನ್ನೊಂದು ಕಡೆ ಮೇಜಿನ ಮೇಲೆ ಹೊಸ ಕಂಪ್ಯೂಟರ್. ಸುಧಾರಾಣಿ ಅದನ್ನು ಚಾಲು ಮಾಡಿ ತಾನು ಕಟ್ಟಿದ ಊರನ್ನು ತೋರಿಸುತ್ತಿದ್ದಳು. ಆದರೆ ನನಗೆ, ತಾಯಿಗೆ. ಬೀರಲಿಂಗ ಹಿಂದೆ ನಿಂತು ಇಣುಕುತ್ತಿದ್ದ.

ದಾನಮ್ಮ ಆರತಿ ಬೆಳಗಿದಳು. ಆಮೇಲೆ ಬೀರಲಿಂಗ ಸೊಂಟದಿಂದ ಭಂಡಾರದ ಚೀಲ ತೆಗೆದ. ಅದು ಬೀರಪ್ಪನ ಅರಿಸಿನಪುಡಿ. ಅವರ ಮನೆಗೆ ಯಾವ ಹೊಸ ಜೀವ ಬಂದರೂ ಅದರ ನೆತ್ತಿಯ ಮೇಲೆ ಮನೆಯ ಯಜಮಾನ ಭಂಡಾರ ಎರಚಬೇಕು.

"ಅದನ್ನ ಬಂದ್ ಮಾಡಲೇನಪಾ?" ಎಂದು ಹುಡುಗಿ ಕೇಳಿದಳು.

"ಬ್ಯಾಡವಾ. ಮಲಗಿದ್ದಕ್ಕ ಭಂಡಾರ ಹಾಕಂಗಿಲ್ಲ. ನಿಂತ ಟಗರಿಗೇ ಹಾಕೂದು. ಚಾಲೂ ಇರ್ಲಿ."

"ಬೀರಪ್ಪನ ಹೆಸರಿಲೆ ಚಾಂಗಭಲೋ!" ಎಂದು ಅವನು ಹಿಡಿತುಂಬ ಭಂಡಾರವನ್ನು ಪೆಟ್ಟಿಗೆಯ ನೆತ್ತಿಯ ಮೇಲೆ ಎರಚಿದ. ಅಲ್ಲಿ ಜಾಳಿಗೆಯ ಕೆಳಗೆ ತಿರುಗುತ್ತಿತ್ತು, ಅವನೇ ಗೆದ್ದು ತಂದ ಪಂಖ. ಅದು ಗಾಳಿಯನ್ನು ಒಳಗೆ ಎಳೆಯುವಂಥದು. ಒಂದು ಕಣ ಹೊರಗುಳಿಯದಂತೆ ಭಂಡಾರವನ್ನೆಲ್ಲ ನುಂಗಿತು. ಒಳಗೆ ಹಳದಿ ಮೋಡವೆದ್ದಿತು. ಗರ್ ಎಂಬ ಸದ್ದಾಯಿತು. ಹುಡುಗಿ ಚೀರಿದಳು. ಬೀರಲಿಂಗ ಗಾಬರಿಯಿಂದ ಗೋಡೆಯ ಪ್ಲಗ್ಗನ್ನು ಕಿತ್ತೇಬಿಟ್ಟ. ಪರದೆಯ ಮೇಲಿನ ಊರು ಮಾಯವಾಯಿತು.

"ಅಯ್ಯ ನನ್ನ ಶಿವನ, ಏನ ಮಾಡಿದ್ರಿ!" ಎಂದಳು ದಾನಮ್ಮ. "ಅದೇನ ಟಗರೇನ್ರಿ, ಭಂಡಾರ ಕೊಡವಿಕೊಂಡ ನಿಂದ್ರಾಕ?"

ಸುಧಾರಾಣಿ ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಬೀರಲಿಂಗನ ಅಂಗೈ ಇನ್ನೂ ಹಳದಿಯಾಗಿತ್ತು. ಅವನು ಅದನ್ನೇ ನೋಡುತ್ತ ನಿಂತಿದ್ದ. "ಮುಗೀತ್ರಿ ಗುರುಗಳ" ಎಂದ. ಕಂಪ್ಯೂಟರಿನ ಮಾತಲ್ಲವೆಂದು ನನಗೆ ತಿಳಿಯಿತು.

ಕೆಲಹೊತ್ತಿನ ಮೇಲೆ ಗೂಟದ ಮೇಲಿದ್ದ ಕಂಬಳಿಯನ್ನು ತಂದು ನೆಲಕ್ಕೆ ಹಾಸಿದ. ನಡೆಯಲಾರದ ಮರಿಯನ್ನು ಹೊತ್ತು ತರುವ ಹಾಗೆ ಪೆಟ್ಟಿಗೆಯನ್ನು ಅದರಲ್ಲಿ ಸುತ್ತಿ ಬೆನ್ನಿಗೆ ಕಟ್ಟಿಕೊಂಡು ಬಾಗಲಕೋಟೆಯ ಬಸ್ಸು ಹಿಡಿಯಬೇಕೆಂಬುದು ಅವನ ವಿಚಾರ. ಪೆಟ್ಟಿಗೆಯನ್ನು ಎತ್ತಿ ಕಂಬಳಿಯ ಮೇಲೆ ಇಡುವಷ್ಟರಲ್ಲಿ ಬಾಗಿಲು ತೆರೆಯಿತು.

"ಅಪ್ಪಾ, ಕಂಬಳಿ ಬ್ಯಾಡ!" ಅತ್ತು ಅವಳ ಕಣ್ಣು ಊದಿದ್ದವು. "ಉಣ್ಣೆ ತಿಕ್ಕಿದ್ರ ಕರೆಂಟ್ ಹುಟ್ತೈತಿ, ಒಳಗಿನೂವು ಸುಟ್ಟ ಹೋಗ್ತಾವ. ಎತ್ತು, ಲಗೂ ಎತ್ತು!"

ಅವಳು ಆಗಲೇ ಮುನಾಫನಿಗೆ ವಿಡಿಯೋ ಕಾಲ್ ಮಾಡಿದ್ದಳು. ಅವನು ಸಂಗತಿ ಕೇಳಿ ಮೊದಲು ನಕ್ಕ, ಆಮೇಲೆ ಗಂಭೀರನಾದ. "ಬಸ್ಸಿನ್ಯಾಗ ಕುಲುಕ್ಯಾಡಿಸಿ ತರಬ್ಯಾಡ್ರಿ, ಪುಡಿ ಸಂದಿಯೊಳಗ ಇಳೀತೈತಿ. ಅಲ್ಲೇ ಬಿಚ್ಚಿ, ಮೆತ್ತನ ಬ್ರಷ್ಷಿಲೆ ಝಾಡಸ್ರಿ. ಬಾಯಿಲೆ ಊದಬ್ಯಾಡ್ರಿ, ಉಗುಳ ಬೀಳ್ತೈತಿ. ಪುಡಿ ಹೋಗೂ ತನಕಾ ಚಾಲೂ ಮಾಡಬ್ಯಾಡ್ರಿ. ಪ್ರೊಸೆಸರಿನ ಪಂಖಾ ಬಿಚ್ಚಬ್ಯಾಡ್ರಿ, ಮ್ಯಾಲಿಂದಷ್ಟ ಝಾಡಸ್ರಿ." ಅವನ ಭುಜದ ಮೇಲಿಂದ ಮುರ್ತುಜಸಾಬರ ಗಡ್ಡ ತೂರಿಬಂತು. "ಬೀರಲಿಂಗಾ, ನಿಮ್ಮಪ್ಪ ಟಗರಿನ ನೆತ್ತಿಗೆ ಹಾಕ್ತಿದ್ದ, ಹೊಟ್ಟ್ಯಾಗ ತುಂಬತಿದ್ದಿಲ್ಲಲೇ!"

ಮೇಜಿನ ಮೇಲೆ ಪೆಟ್ಟಿಗೆಯನ್ನು ಮಲಗಿಸಿದರು. ಸುಧಾರಾಣಿ ತನ್ನ ಚಿತ್ರ ಬರೆಯುವ ಬ್ರಷ್ಷುಗಳನ್ನು ತಂದಳು. ಯಾವುದು ಎಲ್ಲಿದೆ, ಹೇಗೆ ಬಿಚ್ಚಬೇಕು ಎಂಬುದೆಲ್ಲ ಅವಳಿಗೆ ವಿಡಿಯೋ ನೋಡಿ ಬಾಯಿಪಾಠವಾಗಿತ್ತು. ಆದರೆ ಮೊದಲ ಸ್ಕ್ರೂವೇ ಅವಳ ಕೈಯಿಂದ ಎರಡು ಸಲ ಜಾರಿತು. ಬೀರಲಿಂಗನಿಗೆ ಒಂದರ ಹೆಸರೂ ಗೊತ್ತಿರಲಿಲ್ಲ. ಕೈ ಮಾತ್ರ ಕಲ್ಲಿನಂತೆ ಸ್ಥಿರ. ಅವಳು ಟಾರ್ಚು ಹಿಡಿದು ಹೇಳಿದಳು, ಅವನು ಮಾಡಿದ. ದಾನಮ್ಮ ಮಗ್ಗದ ಕುಣಿಯಲ್ಲಿಳಿದು ಕುಳಿತಳು, ನೇಯಲಿಲ್ಲ.

"ಸಾವಕಾಶ ಅಪ್ಪಾ."

"ಸಾವಕಾಶನ ಹಿಡದೇನವಾ."

"ಆ ಸ್ಕ್ರೂ ಎಲ್ಲಿಟ್ಟಿ?"

"ಬಾಯಾಗ."

"ಬಾಯಾಗ ಯಾಕ ಇಟ್ಟಿ! ಉಗುಳು ಮೊದ್ಲ!"

"ಕುರಿಗೆ ಹೊಲಿಗಿ ಹಾಕೂ ಮುಂದ ಸೂಜಿ ಬಾಯಾಗನ ಇಟ್ಕೋತೇವಿ. ರೂಢಿ."

ಅವಳಿಗೆ ನಗು ತಡೆಯಲಾಗಲಿಲ್ಲ. "ಕುರಿಗೂ ಹೊಲಿಗಿ ಹಾಕ್ತಾರ?"

"ತ್ವಾಳ ಹರದ್ರ ಹಾಕಲೇಬೇಕಲ್ಲ."

"ತ್ವಾಳ ಖರೇನ ಬರ್ತಾವ?"

ಅವನು ಹೇಳತೊಡಗಿದ. ಹೋದ ವರ್ಷ ತೋಳ ಬಂದದ್ದು, ನಾಯಿ ಅದನ್ನು ಹಳ್ಳದವರೆಗೆ ಅಟ್ಟಿದ್ದು, ಹೊಲಿಗೆ ಹಾಕಿದ ಕುರಿ ಮುಂದೆ ಅವಳಿ ಮರಿ ಹಾಕಿದ್ದು. ಕೈ ಕೆಲಸ ಮಾಡುತ್ತಲೇ ಇತ್ತು. ಬ್ರಷ್ಷಿನಿಂದ ಹಳದಿ ಪುಡಿ ಉದುರುತ್ತಲೇ ಇತ್ತು. ಅವಳು ಒಂದರ ಹಿಂದೆ ಒಂದು ಪ್ರಶ್ನೆ ಕೇಳಿದಳು. ಆಮೇಲೆ, ಟಾರ್ಚನ್ನು ನೋಡುತ್ತ, ಮೆಲ್ಲಗೆ ಇನ್ನೊಂದು ಕೇಳಿದಳು.

"ನನ್ನ ಯಾಕ ಒಮ್ಮೆನೂ ಕರಕೊಂಡ ಹೋಗಿಲ್ಲ?"

ಬೀರಲಿಂಗನ ಕೈ ನಿಂತಿತು. "ನೀ ಬರ್ತಿ ಅಂತ ನನಗೇನ ಗೊತ್ತವಾ? ಮೈ ಕುರಿ ನಾರ್ತೈತಿ ಅಂತ ದೂರ ಕುಂದರ್ತಿ ಅಂದ್ಕೊಂಡಿದ್ನಿ."

"ನಾರೂದ ಖರೆ ನಾರ್ತೀ. ಅದಕ್ಕ ಅಲ್ಲ." ಟಾರ್ಚನ್ನು ಇನ್ನೊಂದು ಕೈಗೆ ಬದಲಿಸಿದಳು. "ಹೆಂಗೂ ನೀ ಹೋಗಾಂವ. ಸಣ್ಣಾಕಿ ಇದ್ದಾಗ ನೀ ಇದ್ದಷ್ಟ ದಿನಾ ಬರೇ ಮಾತಾಡತಿದ್ನಿ. ನೀ ಹ್ವಾದ ಮ್ಯಾಲ ಮನಿ ಬಣ ಬಣ ಅಂತಿತ್ತು. ಆ ತ್ರಾಸ ಬ್ಯಾಡ ಅಂತ ಮಾತ ಬಿಟ್ನಿ."

ದಾನಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಬೀರಲಿಂಗ ಬಹಳ ಹೊತ್ತು ಆ ಬೋರ್ಡಿನ ಒಂದೇ ಸಂದಿಯನ್ನು ಝಾಡಿಸುತ್ತಿದ್ದ. ಕೊನೆಗೆ, "ಬ್ಯಾಸಿಗಿ ಸೂಟ್ಯಾಗ ಬರ್ತೀಯೇನವಾ?" ಎಂದು ಕೇಳಿದ.

"ಈ ಕಡೆ ಹಿಡಿ. ಬೆಳಕ ಬೀಳವಲ್ದು" ಎಂದಳು ಅವಳು. ಆಮೇಲೆ, "ಬರ್ತೇನಿ" ಎಂದಳು.

ಎಲ್ಲ ಜೋಡಿಸಿ ಗುಂಡಿ ಒತ್ತಿದಾಗ ಪಂಖ ತಿರುಗಿತು, ಪರದೆ ಮಾತ್ರ ಕತ್ತಲಾಗಿಯೇ ಇತ್ತು. ರ‍್ಯಾಮುಗಳನ್ನು ತೆಗೆದು ಇನ್ನೊಮ್ಮೆ ಗಟ್ಟಿಯಾಗಿ ಒತ್ತಿ ಕೂರಿಸಲು ಮುನಾಫ ಹೇಳಿದ. ಈ ಸಲ ಸುಧಾರಾಣಿಯೇ ಒತ್ತಿದಳು, ಅವಳ ಬೆರಳ ಮೇಲೆ ತಂದೆಯ ಹೆಬ್ಬೆರಳಿತ್ತು. ಬೆಳಕು ಬಂತು. ಅವಳ ಊರು ಇದ್ದ ಹಾಗೆಯೇ ಇತ್ತು. ಬಹಳ ದಿನ ಆ ಪೆಟ್ಟಿಗೆ ಬಿಸಿಯಾದಾಗಲೆಲ್ಲ ಅರಿಸಿನದ ವಾಸನೆ ಬರುತ್ತಿತ್ತಂತೆ.

ಆ ವರ್ಷ ಹಿಂಡು ಹೊರಡುವಾಗ ಅವಳು ಅತ್ತಳೆಂದು ದಾನಮ್ಮ ಹೇಳಿದಳು. ಹಿಂದೆ ಅಳುತ್ತಿರಲಿಲ್ಲ. ಆದರೆ ಸಂಜೆ ಅವನಿಗೆ ಅವಳ ಫೋನು ಬರತೊಡಗಿತು. ಆಟದ ಊರಿನಲ್ಲಿ ಏನು ಕಟ್ಟಿದೆನೆಂದು ಅವಳು ಹೇಳುತ್ತಾಳೆ, ಯಾವ ಕುರಿ ಯಾವ ಮರಿ ಹಾಕಿತೆಂದು ಅವನು ಹೇಳುತ್ತಾನೆ. ಮಾತು ಕೊಟ್ಟಂತೆ ಬೇಸಿಗೆಯ ಸೂಟಿಯಲ್ಲಿ ಬಂದಳು. ಈ ವರ್ಷವೂ ಬಂದಿದ್ದಾಳೆ.

ಗ್ರಾಫಿಕ್ಸ್ ಕಾರ್ಡ್ ಮಾತ್ರ ಇನ್ನೂ ಬಂದಿಲ್ಲ. ಅದಕ್ಕೆಂದೇ ಬೀರಲಿಂಗ ಒಂದು ಟಗರನ್ನು ಚೆನ್ನಾಗಿ ಮೇಯಿಸಿ ಬೆಳೆಸಿದ್ದ. ಹೋದ ಬೇಸಿಗೆಯಲ್ಲಿ ಅದು ಸುಧಾರಾಣಿಯ ಹಿಂದೆಯೇ ನಡೆದು, ಅವಳ ಕೈಯಿಂದಲೇ ತಿಂದು ರೂಢಿಯಾಯಿತು. ಈಗ ಅದನ್ನು ಅಮೀನಗಡಕ್ಕೆ ಒಯ್ಯಲು ಅವಳು ಬಿಡುವುದಿಲ್ಲ. "ಕಾರ್ಡ್ ಇಲ್ಲದನ ಆಟ ಚೊಲೋ ಓಡ್ತೈತಿ, ಸುಮ್ನಿರು" ಎನ್ನುತ್ತಾಳೆ. ಬೇರೆ ಹಿಂಡಿನವರು ತಮ್ಮ ಮಕ್ಕಳಿಗೆ ಕಂಪ್ಯೂಟರ್ ಕೊಳ್ಳುವ ವಿಚಾರ ಕೇಳಲು ಬಂದರೆ ಬೀರಲಿಂಗ ಮಗಳನ್ನು ತೋರಿಸಿ, "ಅದನ್ನೆಲ್ಲ ಆಕಿನ್ನ ಕೇಳ್ರಿ. ನಾ ಭಂಡಾರ ಹಾಕಬ್ಯಾಡ್ರಿ ಅನ್ನೂದಷ್ಟ ಹೇಳಬಲ್ಲೆ" ಎನ್ನುತ್ತಾನೆ.

ಈಗ ಅವರ ಹಿಂಡು ನಮ್ಮ ಹೊಲದಿಂದ ಎದ್ದು ಕೆರೂರಿನ ಕಡೆ ಹೊರಟಿದೆ. ಒಂದೇ ದಿನದಲ್ಲಿ ನಡೆಯುವ ದಾರಿಯನ್ನು ಬೀರಲಿಂಗ ಈ ಬೇಸಿಗೆ ಎರಡು ದಿನ ಮಾಡುತ್ತಿದ್ದಾನೆ, ಮಗಳ ಕಾಲು ನೋಯುತ್ತವೆಂದು. ಜೊತೆಯ ಕುರಿಗಾರರು ಬೈಯುತ್ತಾರೆ. ಅವನು ಕೇಳುವುದಿಲ್ಲ.